ಹತ್ತು ಸಾವಿರ ಮಿಲಿಮೀಟರ್ ಜಾಕೆಟ್ಟೂ ಎತ್ತಿನ ಭುಜದ ಮಳೆಯೂ

4,800 ರೂಪಾಯಿ ಕೊಟ್ಟು ತಗೊಂಡ ರೇನ್ ಜಾಕೆಟ್ ಬಗ್ಗೆ ಬರೀತಿದ್ದೀನಿ. ಕಂಪನಿ ಹೆಸರು ಹಾಕಲ್ಲ, ಅವರ ಜೊತೆ ಮೇಲ್‌ನಲ್ಲಿ ಇನ್ನೂ ಜಗಳ ನಡೀತಿದೆ. ಒಳಗಿನ ಚೀಟಿಯಲ್ಲಿ 10,000 ಮಿ.ಮೀ. ಅಂತ ಅಚ್ಚು ಹಾಕಿದಾರೆ. ಅಂಗಡಿಯ ಹುಡುಗ ಅದನ್ನೇ ತೋರಿಸಿ, "ಸರ್, ಹತ್ತು ಸಾವಿರ ಮಿಲಿಮೀಟರ್ ಮಳೆ ತಡೆಯುತ್ತೆ" ಅಂದ. ಸರಿ, ಆಗುಂಬೆಗೂ ಸಾಕು ಅಂತ ನಾನೂ ತಲೆಯಾಡಿಸಿದೆ. ಆ ಲೆಕ್ಕ ಮಳೆಯದಲ್ಲ. ಬಟ್ಟೆಯ ಮೇಲೆ ಹತ್ತು ಮೀಟರ್ ಎತ್ತರದ ನೀರು ನಿಂತರೂ ಆಚೆ ಜಿನುಗಲ್ಲ ಅನ್ನೋ ಪರೀಕ್ಷೆಯದ್ದು. ಅದೂ ಬಟ್ಟೆಗೆ ಮಾತ್ರ. ಹೊಲಿಗೆಗೂ ಜಿಪ್ಪಿಗೂ ಅನ್ವಯಿಸಲ್ಲ. ಈ ಬುದ್ಧಿ ಬಂದಿದ್ದು ಮೈ ನೆಂದ ಮೇಲೆ.

ಅಕ್ಟೋಬರ್ ಕೊನೆಯಲ್ಲಿ, ಹಿಂಗಾರು ಹಿಡಿದಿದ್ದಾಗ, ಮೂಡಿಗೆರೆ ಕಡೆಯ ಗೆಳೆಯನ ಜೊತೆ ಎತ್ತಿನ ಭುಜ ಅನ್ನೋ ಬೆಟ್ಟ ಹತ್ತಿದೆ. ಭೈರಾಪುರದಿಂದ ನಡಿಗೆ ದೊಡ್ಡದೇನಲ್ಲ. ಕಾಡು, ಹುಲ್ಲು, ಇಂಬಳ. ಕೊನೆಗೆ ನಿಜವಾಗಲೂ ಎತ್ತಿನ ಹಿಣಿಲಿನ ಹಾಗೆ ಎದ್ದು ನಿಂತ ಗುಡ್ಡ. ಅಲ್ಲಿ ಬರೀ ಕಾಲು ಸಾಲದು, ಕೈಯೂ ಬೇಕು. ಗೆಳೆಯನಿಗೆ ಕಾಫಿ ತೋಟ ಇದೆ. ತೋಟಕ್ಕೆ ಹಾಕುವ, ಮೊಣಕಾಲು ದಾಟುವ ಕಪ್ಪು ಪ್ಲಾಸ್ಟಿಕ್ ಕೋಟಲ್ಲೇ ಬಂದಿದ್ದ. ಬೆಲೆ 350. ನನ್ನ ಜಾಕೆಟ್ ಮುಟ್ಟಿ ನೋಡಿ, "ಇದರ ದುಡ್ಡಲ್ಲಿ ಹದಿಮೂರು ಆಳಿಗೆ ಕೋಟ್ ಬರ್ತಿತ್ತಲ್ಲ ಮಾರಾಯಾ" ಅಂದ.

ಕಾಡಿನೊಳಗೆ ಇಬ್ಬರದ್ದೂ ಒಂದೇ ಗತಿ. ಅವನು ಕೋಟಿನೊಳಗೆ ಬೆವರಲ್ಲಿ ಬೆಂದ. ನನ್ನದು 'ಉಸಿರಾಡುವ' ಬಟ್ಟೆ, ಆದರೂ ಬೆನ್ನು ತೊಪ್ಪೆ. ಒಳಗಿನ ಆವಿ ಹೊರಗೆ ಹೋಗಬೇಕಾದರೆ ಹೊರಗಿನ ಗಾಳಿ ಒಣಗಿರಬೇಕು ತಾನೆ? ನಮ್ಮ ಘಟ್ಟದಲ್ಲಿ ಮಳೆ ಬರುವಾಗ ಒಣಗಾಳಿ ಎಲ್ಲಿಂದ ತರೋದು! ಕಂಕುಳಲ್ಲಿ ಕೊಟ್ಟಿರುವ ಜಿಪ್ ತೆಗೆದ ಮೇಲೆ ಜೀವ ಬಂತು. ಬೇರೆ ಏನಿಲ್ಲದಿದ್ದರೂ ಕಂಕುಳ ಜಿಪ್ ಇರುವ ಜಾಕೆಟ್ಟನ್ನೇ ತಗೊಳ್ಳಿ.

ಬಂಡೆ ಶುರುವಾದ ಕಡೆ ಗಾಳಿಯೂ ಶುರುವಾಯ್ತು. ಶಿಶಿಲದ ಕಡೆಯ ಕಣಿವೆಯಿಂದ ಮಂಜು ಮೇಲಕ್ಕೆ ನುಗ್ಗುತ್ತಿತ್ತು, ಹತ್ತು ಮಾರು ಆಚೆ ಏನೂ ಕಾಣದು. ಗೆಳೆಯನ ಕೋಟಿನ ಟಿಚ್ ಬಟನ್‌ಗಳು ಪಟಪಟ ಬಿಚ್ಚಿಕೊಂಡವು. ಗಾಳಿ ಬಂದಾಗ ಕೋಟ್ ತಲೆಯ ಮೇಲಕ್ಕೆ, ನಿಂತಾಗ ಕಾಲಿನ ಕೆಳಕ್ಕೆ. ಒಂದು ಕಡೆ ಬಲಗಾಲು ಎತ್ತಿಟ್ಟವನು ತನ್ನದೇ ಕೋಟಿನ ಅಂಚು ತುಳಿದ. ಮೇಲೇಳಲು ಹೋದರೆ ಕೋಟ್ ಕುತ್ತಿಗೆ ಹಿಡಿದು ಕೆಳಗೆ ಎಳೀತು. ಒಂದು ಮೊಳ ಜಾರಿ, ಹುಲ್ಲಿನ ಬುಡ ಹಿಡಿದು ನಿಂತ. ನಾನು ಬಗ್ಗಿ ಅಂಚನ್ನು ಅವನ ಷೂ ಅಡಿಯಿಂದ ಎಳೆದೆ. ಪರ್ರಂತ ಹರೀತು. ಇಬ್ಬರೂ ಮಾತಾಡಲಿಲ್ಲ. ಉಳಿದದ್ದನ್ನು ಸುತ್ತಿ ಸೊಂಟದ ಬೆಲ್ಟಿಗೆ ಸಿಕ್ಕಿಸಿಕೊಂಡ.

ನನ್ನ ಜಾಕೆಟ್ ಅಲ್ಲಿ ಬೆಲೆ ಉಳಿಸಿಕೊಂಡಿತು, ಸುಳ್ಳು ಹೇಳಬಾರದು. ಸೊಂಟದವರೆಗಷ್ಟೇ ಉದ್ದ, ಕಾಲಿಗೆ ಅಡ್ಡ ಬರಲ್ಲ. ಕೈ ಎತ್ತಿ ಬಂಡೆ ಹಿಡಿದರೂ ಹೊಟ್ಟೆ ಕಾಣಲ್ಲ. ಮಣಿಕಟ್ಟಿನ ವೆಲ್ಕ್ರೋ ಬಿಗಿ ಮಾಡಿದರೆ ತೋಳಿನೊಳಗೆ ನೀರು ಇಳಿಯಲ್ಲ. ಟೊಪ್ಪಿಗೆ ಹಿಂದೆ ಲಾಡಿ ಇದೆ. ಎಳೆದರೆ ತಲೆ ತಿರುಗಿಸಿದ ಕಡೆ ಟೊಪ್ಪಿಯೂ ತಿರುಗುತ್ತೆ. ಒಂದೇ ತೊಂದರೆ, ಅದರೊಳಗೆ ಪರಪರ ಸದ್ದು ಬಿಟ್ಟು ಬೇರೇನೂ ಕೇಳಲ್ಲ. ಗೆಳೆಯ ಭುಜ ಹಿಡಿದು ಅಲ್ಲಾಡಿಸಿದಾಗ ಟೊಪ್ಪಿ ತೆಗೆದೆ. "ಗುಡುಗು ಕೇಳಲಿಲ್ವಾ ನಿಂಗೆ?" ಮುಂದಿನ ಮಿಂಚಿಗೆ ಎಣಿಸಿದೆವು. ಹನ್ನೆರಡಕ್ಕೆ ಸದ್ದು ಬಂತು. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್, ಅಂದರೆ ನಾಲ್ಕು. ತುದಿ ಕಣ್ಣೆದುರಿಗೇ ಇತ್ತು ಅಂತ ಅವನು ಈಗಲೂ ಹೇಳ್ತಾನೆ. ನನಗೆ ಕಂಡದ್ದು ಬಿಳೀ ಗೋಡೆ. ಬೋಳುಗುಡ್ಡದ ಮೇಲೆ ನಾವಿಬ್ಬರೇ ಎತ್ತರದವರು, ಕೂತು ಕೂತು ಇಳಿದೆವು.

ಇಳಿಯುವಾಗಲೇ ಎಡಭುಜಕ್ಕೆ ತಣ್ಣಗೆ ಹತ್ತಿದ್ದು. ಮನೆಗೆ ಬಂದು ಜಾಕೆಟ್ ಒಳಮಗ್ಗುಲು ತಿರುಗಿಸಿದೆ. ಸೂಜಿಯ ತೂತು ಮುಚ್ಚಲು ಹೊಲಿಗೆ ಮೇಲೆ ಅಂಟಿಸಿದ್ದ ಪಟ್ಟಿ, ಬ್ಯಾಗಿನ ಪಟ್ಟಿ ಒತ್ತುವ ಜಾಗದಲ್ಲೇ, ಎರಡು ಬೆರಳಗಲ ಎದ್ದಿತ್ತು, ನೆಂದ ಲಕೋಟೆ ಬಾಯಿ ಬಿಟ್ಟ ಹಾಗೆ. ನಾಲ್ಕನೇ ಸಲ ಹಾಕಿದ್ದು ಅಷ್ಟೇ. ಕಂಪನಿಯವರು "ಬಳಕೆಯಿಂದ ಆದ ಸವೆತ" ಅಂತ ಉತ್ತರ ಕಳಿಸಿದರು. ಬ್ಯಾಗ್ ಹಾಕದೆ ಬೆಟ್ಟ ಹತ್ತೋರು ಯಾರು ಸ್ವಾಮಿ?

ಇನ್ನೊಂದು ವಿಷಯ. ಹನಿ ಉರುಳಿ ಹೋಗುವ ಗುಣ ಬೇಗ ಕಮ್ಮಿಯಾಗುತ್ತೆ. ತೊಳೆದು, ಚೀಟಿಯಲ್ಲಿ ಇಸ್ತ್ರಿ ಗುರುತಿದ್ದರೆ ಕಮ್ಮಿ ಬಿಸಿಯಲ್ಲಿ ಉಜ್ಜಿದರೆ ಸ್ವಲ್ಪ ವಾಪಸ್ ಬರುತ್ತೆ. ಒದ್ದೆಯಲ್ಲೇ ಮಡಚಿಟ್ಟರೆ ಒಳಗಿನ ಲೇಪನ ಹಪ್ಪಳದ ಹಾಗೆ ಏಳುತ್ತೆ, ನನ್ನ ಹಳೇದು ಹಾಗೇ ಹೋಯ್ತು.

ಐದಕ್ಕೆ ಮೂರು ಕೊಡ್ತೀನಿ. ಕತ್ತರಿಕೆಗೆ ಮೂರೂ, ಹೊಲಿಗೆಗೆ ಸೊನ್ನೆ. ಸ್ಕೂಟರಿಗೆ, ತೋಟಕ್ಕೆ 350ರ ಕೋಟೇ ಸರಿ. ಬಂಡೆಗೆ ಖಂಡಿತ ಬೇಡ.

ಗೆಳೆಯ ಹರಿದ ಕೋಟನ್ನು ಅಡಿಕೆ ಕತ್ತಿಯಲ್ಲಿ ಸೊಂಟದವರೆಗೆ ಕೊಯ್ದು ಇಟ್ಟಿದಾನೆ. ಅವನ ಹೆಂಡತಿ ಅಂಚು ಮಡಚಿ ಹೊಲಿಯೋಕೆ ಕೂತಿದ್ದರಂತೆ. ಫೋನಲ್ಲೇ ಬೇಡ ಅಂದೆ, ಹೊಲಿದರೆ ಅಲ್ಲೂ ಸೂಜಿ ತೂತಾಗುತ್ತೆ.