ನಾಯಿ, ಬ್ಯಾಟರಿ ಬೆಕ್ಕು, ಮೀನಿನ ತೊಟ್ಟಿ: ಅಮ್ಮಂಗೆ ಯಾವ್ದು ಒಗ್ಗಿತು, ನಂಗೆ ಯಾವ್ದು ಒಗ್ಗಿತು

ಅಮ್ಮಂಗೆ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಅಂತ ಗೊತ್ತಾಗಿ ನಾಲ್ಕು ವರ್ಷ ಆಯ್ತು. ಸಾಕುಪ್ರಾಣಿ ಇದ್ರೆ ಒಳ್ಳೇದು ಅಂತ ಎಲ್ರೂ ಹೇಳ್ತಾರೆ, ಅದನ್ನ ನೋಡ್ಕೊಳ್ಳೋರು ಯಾರು ಅಂತ ಮಾತ್ರ ಯಾರೂ ಕೇಳಲ್ಲ. ಮೂರನ್ನೂ ಮನೇಲಿ ಇಟ್ಟು ನೋಡಿದೀನಿ, ಅದಕ್ಕೇ ಬರೀತಿದೀನಿ.

ಮೊದ್ಲು ನಾಯಿ. ಅಮ್ಮನ ಮುಖಕ್ಕೆ ಅಷ್ಟು ಕಳೆ ತಂದಿದ್ದು ಬೇರೆ ಯಾವ್ದೂ ಇಲ್ಲ, ಒಪ್ಕೋಬೇಕು. ಹೊತ್ತು ಮುಳುಗ್ತಿದ್ದಂಗೆ "ಮನೆಗೆ ಹೋಗ್ಬೇಕು" ಅಂತ ಬಾಗಿಲ ಹತ್ರ ಓಡಾಡೋಕೆ ಶುರು ಮಾಡೋರು (ಈ ಕಾಯಿಲೇಲಿ ಸಂಜೆ ಗಾಬರಿ ಸುಮಾರು ಜನಕ್ಕೆ ಇರತ್ತೆ), ಆಗ ನಾಯಿ ಬಂದು ಮೊಣಕಾಲಿಗೆ ತಲೆ ಒತ್ತಿ ನಿಂತ್ರೆ ಅವರ ಕೈ ತಾನಾಗೇ ಅದರ ಕಿವಿ ಮೇಲೆ ಹೋಗೋದು, ಎರಡು ಬೆರಳಲ್ಲಿ ಕಿವಿ ತುದಿ ಸವರ್ತಾ ಸವರ್ತಾ ಅಲ್ಲೇ ಕೂತ್ಬಿಡೋರು. ನನ್ನ ಹೆಸರು ಮರೆತ ದಿನಾನೂ "ಬಾ ಮರಿ" ಅನ್ನೋದು ಮರೀತಿರ್ಲಿಲ್ಲ. ಆದ್ರೆ ಅದಕ್ಕೆ ಊಟ ಹಾಕಿದ್ದು ನೆನಪಿರಲ್ಲ, ಮತ್ತೆ ಮತ್ತೆ ಹಾಕೋರು, ಒಂದಿನ ತಮ್ಮ ಮಾತ್ರೇನೂ ಅದರ ತಟ್ಟೆಗೆ ಹಾಕಿದ್ರು, ನಾನು ನೋಡಿದ್ದಕ್ಕೆ ಬಚಾವ್. ಕಾಲಿಗೆ ಅಡ್ಡ ಬಂದು ಎರಡು ಸಲ ಎಡವಿದ್ರು. ಇದನ್ನ ಸಣ್ಣದು ಅನ್ಕೋಬೇಡಿ, ಅಮೆರಿಕದ ಸಿಡಿಸಿ (ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ) 2009ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ನಾಯಿ ಬೆಕ್ಕಿನ ದೆಸೆಯಿಂದ ಬಿದ್ದು ಆಗೋ ಗಾಯಗಳು ಅಲ್ಲಿ ವರ್ಷಕ್ಕೆ ಸುಮಾರು 86,000, ಅದ್ರಲ್ಲಿ ದೊಡ್ಡ ಪಾಲು ನಾಯಿಗಳದ್ದೇ. ರಾತ್ರಿ ಮೂರು ಸಲ ಎದ್ದು ಅಮ್ಮನ್ನ ನೋಡ್ಕೊಂಡೋಳು ಬೆಳಕು ಹರಿಯೋ ಮುಂಚೆ ನಾಯಿನ ಹೊರಗೆ ಕರ್ಕೊಂಡು ಹೋಗ್ಬೇಕು ಅಂದ್ರೆ ಎಷ್ಟು ದಿನ ಆಗತ್ತೆ? ಎಂಟು ತಿಂಗಳು ಹೆಂಗೋ ತಳ್ಳಿದೆ, ಆಮೇಲೆ ತಂಗಿ ಮನೆಗೆ ಕಳಿಸಿದ್ವಿ. ಈಗ ವಾರಕ್ಕೊಂದ್ಸಲ ಅವಳೇ ನಾಯಿ ಕರ್ಕೊಂಡು ಬರ್ತಾಳೆ, ಆ ಒಂದು ಗಂಟೆ ನಾನು ನಿದ್ದೆ ಮಾಡ್ತೀನಿ.

ಬ್ಯಾಟರಿ ಬೆಕ್ಕು ಸವರಿದ್ರೆ ಗುರುಗುರು ಅನ್ನತ್ತೆ, ತಲೆ ಆಡಿಸತ್ತೆ. ಅಮ್ಮಂಗೆ ಸುಳ್ಳು ಹೇಳ್ತಿದೀನೇನೋ ಅಂತ ಮನಸ್ಸು ಚುಚ್ತಿತ್ತು, ಅವರೇ ಒಂದಿನ "ಗೊಂಬೆ ಅಂತ ಗೊತ್ತು ಕಣೇ" ಅಂದ್ಬಿಟ್ಟು ಸವರ್ತಾನೇ ಇದ್ರು. ಬ್ಯಾಟರಿ ಮುಗಿದು ಅದು ಸುಮ್ಮನಾದ ಮೇಲೂ ಬಿಡ್ಲಿಲ್ಲ. ಆಸ್ಟ್ರೇಲಿಯಾದಲ್ಲಿ ಡಿಮೆನ್ಷಿಯಾ ಇರೋ 415 ಜನರ ಜೊತೆ ಪಾರೋ ಅನ್ನೋ ಸೀಲ್ ಮರಿ ರೋಬೋ ಇಟ್ಟು ಪರೀಕ್ಷೆ ಮಾಡಿ 2017ರಲ್ಲಿ ಬರೆದಿದ್ದಾರೆ: ಮಾಮೂಲಿ ಆರೈಕೆಗಿಂತ ಅದು ಮೇಲು, ಆದ್ರೆ ಯಂತ್ರ ಆಫ್ ಮಾಡಿದ ಅದೇ ಗೊಂಬೆಗೆ ಹೋಲಿಸಿದ್ರೆ ಗಮನ ಹಿಡಿಯೋದ್ರಲ್ಲಿ ಮಾತ್ರ ಮುಂದೆ. ಹಾಗಾಗಿ ದುಬಾರಿ ರೋಬೋಗೆ ದುಡ್ಡು ಸುರಿಯೋ ಮುಂಚೆ ಒಂದು ಮೆತ್ತನೆ ಗೊಂಬೆ ಕೊಟ್ಟು ನೋಡಿ. ಡಾಕ್ಟರ್ ಹತ್ರ ಕಾಯೋವಾಗ ನಮ್ಮ ಬೆಕ್ಕು ತುಂಬಾ ಉಪಯೋಗಕ್ಕೆ ಬರತ್ತೆ.

ಮೀನಿನ ತೊಟ್ಟಿ ಮೇಲೆ ನಂಗೆ ನಂಬಿಕೇನೇ ಇರ್ಲಿಲ್ಲ, ಮುಟ್ಟೋಕಾಗಲ್ಲ ಅಲ್ವಾ. ಅಮೆರಿಕದಲ್ಲಿ ಆಲ್ಝೈಮರ್ಸ್ (ಡಿಮೆನ್ಷಿಯಾದಲ್ಲೇ ಒಂದು ಬಗೆ) ಇರೋ 62 ಜನ ಊಟ ಮಾಡೋ ಕಡೆ ಅಕ್ವೇರಿಯಂ ಇಟ್ಟಾಗ ಊಟನೂ ತೂಕನೂ ಜಾಸ್ತಿಯಾಯ್ತು ಅಂತ 2002ರ ಒಂದು ಅಧ್ಯಯನ ಹೇಳತ್ತೆ, ಅದನ್ನ ಓದಿ ಊಟದ ಟೇಬಲ್ ಪಕ್ಕಾನೇ ಇಟ್ಟೆ. ಎರಡು ತುತ್ತಿಗೇ ಎದ್ದು ಹೋಗ್ತಿದ್ದ ಅಮ್ಮ ಈಗ ಕೂರ್ತಾರೆ. ಕೆಲಸ ಅಂದ್ರೆ ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಾಯಿಸೋದು, ಆಹಾರದ ಡಬ್ಬಿ ಅವರ ಕೈಗೆ ಸಿಗದಂಗೆ ಎತ್ತಿಡೋದು, ಅಷ್ಟೇ. ಇರೋದು ಐದು ಮೀನು, ಅಮ್ಮ ಒಂದಿನ ಏಳು ಅಂತಾರೆ, ಒಂದಿನ ನಾಲ್ಕು ಅಂತಾರೆ, ನಾನು ಹೂಂ ಅಂತೀನಿ. ಅವರು ಎಣಿಸಿ ಮುಗಿಸೋ ಹೊತ್ತಿಗೆ ನನ್ನ ಊಟನೂ ಬಿಸಿಬಿಸಿಯಾಗೇ ಆಗಿರತ್ತೆ.