ಬಾಲ್ಕನಿ ಮಿಕ್ಸ್: ಅವಳಿ ಡಿಜೆಗಳ ಸಂಗೀತ, ಒಳ್ಳೆ ಬೇಸ್ ಇದ್ದವರಿಗೆ

ಯೂಟ್ಯೂಬ್‌ನಲ್ಲಿ ಪುಕ್ಕಟೆ ಸಿಗುವ ‘ಬಾಲ್ಕನಿ ಮಿಕ್ಸ್ ಆಫ್ರಿಕಾ’ ಕೇಳಲೇಬೇಕು. ಇದು ಅವಳಿ ಡಿಜೆಗಳು ಹಾಡಿಗೆ ಹಾಡು ಜೋಡಿಸಿ, ನಡುವೆ ನಿಲ್ಲಿಸದೆ ನುಡಿಸುವ ವಿಡಿಯೊಗಳ ಸರಣಿ. ಆದರೆ ಫೋನಿನ ಸ್ಪೀಕರ್‌ನಲ್ಲಿ ಬೇಡ. ಈ ಸಂಗೀತದ ಜೀವ ಇರುವುದೇ ಬೇಸ್‌ನಲ್ಲಿ, ಅಂದರೆ ತಗ್ಗಿನ ದಪ್ಪ ದನಿಯಲ್ಲಿ. ಫೋನಿನಲ್ಲಿ ಹಾಕಿ ‘ಏನೂ ಇಲ್ವಲ್ಲ’ ಅಂದವರನ್ನು ತುಂಬಾ ಜನ ನೋಡಿದ್ದೇನೆ.

ನಾನೂ ನನ್ನ ತಮ್ಮನೂ ಶ್ರೀರಾಂಪುರದಲ್ಲಿ ಸೌಂಡ್ ಸಿಸ್ಟಂ ಬಾಡಿಗೆಗೆ ಕೊಡುತ್ತೇವೆ. ಮದುವೆ, ಗಣೇಶನ ಪೆಂಡಾಲು, ರಾಜ್ಯೋತ್ಸವ, ಕಾಲೇಜು ಫೆಸ್ಟ್. ಮಿಕ್ಸರ್ ಮುಂದೆ ನಾನು, ಬಾಕ್ಸು ವೈರು ಅವನದು. ಈಚೆಗೆ ಮದುವೆ ಮನೆಯ ಹುಡುಗರು ಬಂದು ‘ಅಣ್ಣಾ, ಅಮಾಪಿಯಾನೊ ಹಾಕಿ’ ಅನ್ನುತ್ತಾರೆ. ಅದು ದಕ್ಷಿಣ ಆಫ್ರಿಕಾದ ಕುಣಿತದ ಸಂಗೀತ. ಅದೇನು ಅಂತ ಹುಡುಕಿದಾಗ ಸಿಕ್ಕಿದವರು ಬಾಲ್ಕನಿ ಮಿಕ್ಸ್ ಮಾಡುವ ಮೇಜರ್ ಲೀಗ್ ಡಿಜೆಝ್.

ದಕ್ಷಿಣ ಆಫ್ರಿಕಾದ ಅವಳಿಗಳು ಇವರು, ಬಂಡಿಲೆ ಮತ್ತು ಬನೆಲೆ ಎಂಬೆರೆ. ಅಪ್ಪ ವರ್ಣಭೇದದ ವಿರುದ್ಧ ಹೋರಾಡಿ ದೇಶ ಬಿಟ್ಟಿದ್ದವರು. ಹಾಗಾಗಿ ಮಕ್ಕಳು ಹುಟ್ಟಿದ್ದು ಅಮೆರಿಕದ ಬಾಸ್ಟನ್‌ನಲ್ಲಿ, ಬೆಳೆದದ್ದು ವಾಪಸ್ ತಮ್ಮ ನಾಡಿನಲ್ಲಿ. ಶುರುವಿನಲ್ಲಿ ಹಿಪ್‌ಹಾಪ್‌ನವರು. ಅಲ್ಲಿನ ರ‍್ಯಾಪರ್‌ಗಳಾದ ಕ್ಯಾಸ್ಪರ್ ನ್ಯೊವೆಸ್ಟ್, ರಿಕಿ ರಿಕ್ ಅವರ ಜೊತೆ ‘ಸ್ಲೈಝಾ ತ್ಸೋತ್ಸಿ’ ಹಾಡು ಮಾಡಿ ಹೆಸರು ಗಳಿಸಿದ್ದರು. ಆಮೇಲೆ ಪ್ರಿಟೋರಿಯಾ, ಜೊಹಾನ್ಸ್‌ಬರ್ಗ್ ಸುತ್ತಲಿನ ಟೌನ್‌ಶಿಪ್‌ಗಳಲ್ಲಿ (ವರ್ಣಭೇದದ ಕಾಲದಲ್ಲಿ ಕರಿಯರನ್ನು ಬೇರೆ ಇಟ್ಟಿದ್ದ ಬಡಾವಣೆಗಳು) ಅಮಾಪಿಯಾನೊ ಎದ್ದಿತು. ಇವರು ಅದರ ಕಡೆ ತಿರುಗಿದರು. ಕೈ ಹಿಡಿದ ದಾರಿ ಬಿಟ್ಟು ಹೊಸದಕ್ಕೆ ಇಳಿಯೋದು ಸುಲಭ ಅಲ್ಲ. 2020ರಲ್ಲಿ ಲಾಕ್‌ಡೌನ್ ಬಂದು ಕ್ಲಬ್ಬುಗಳು ಮುಚ್ಚಿದಾಗ ಅಣ್ಣತಮ್ಮ ಬಾಲ್ಕನಿಯಲ್ಲಿ ಡೆಕ್ (ಡಿಜೆ ಹಾಡು ನುಡಿಸುವ ಯಂತ್ರ) ಇಟ್ಟು, ಕ್ಯಾಮೆರಾ ಹಚ್ಚಿ ನುಡಿಸತೊಡಗಿದರು. ಆ ವರ್ಷ ನಮ್ಮ ಬಾಕ್ಸುಗಳೂ ಗೋಡೌನಿನಲ್ಲಿ ಟಾರ್ಪಾಲು ಹೊದ್ದು ಮಲಗಿದ್ದವು. ಅದಕ್ಕೇ ಇರಬೇಕು, ಆ ಮೊದಲ ವಿಡಿಯೊಗಳು ನನಗೆ ಜಾಸ್ತಿ ಇಷ್ಟ.

ಈಗ ಸೌಂಡಿನ ವಿಷಯ. ಅಮಾಪಿಯಾನೊದ ವೇಗ ನಿಮಿಷಕ್ಕೆ ಸುಮಾರು 110ರಿಂದ 115 ಬೀಟ್. ನಮ್ಮ ಟಪ್ಪಾಂಗುಚ್ಚಿಗೆ ಒಗ್ಗಿದ ಕಿವಿಗೆ ಮೊದಲು ನಿಧಾನ ಅನ್ನಿಸುತ್ತದೆ. ಕಿಕ್ ಡ್ರಮ್ ಒಂದೇ ಸಮ ಬಡಿಯುವುದಿಲ್ಲ. ಶೇಕರ್ ತಾಳ ಹಿಡಿದಿರುತ್ತದೆ, ಮೇಲೆ ಜಾಝ್ ವಾಸನೆಯ ಪಿಯಾನೊ ತೇಲುತ್ತದೆ. ತುಂಬಾ ಹೊತ್ತು ಕಾಯಿಸಿ ಲಾಗ್ ಡ್ರಮ್ ಇಳಿಯುತ್ತದೆ. ಇದು ಕಂಪ್ಯೂಟರಿನಲ್ಲಿ ಹುಟ್ಟುವ ಬೇಸ್ ದನಿ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತಾ, ಡೊಳ್ಳು ಕುಣಿತದವರು ಎದುರು ನಿಂತು ಬಾರಿಸಿದ ಹಾಗೆ ಎದೆಗೇ ತಾಗುತ್ತದೆ.

ಇಲ್ಲಿ ಈ ಅವಳಿಗಳ ದೊಡ್ಡತನ ಕಾಣುತ್ತದೆ. ಅವಸರ ಇಲ್ಲವೇ ಇಲ್ಲ. ಒಬ್ಬ ಹಾಡಿಗೆ ಹಾಡು ಹೊಂದಿಸುವಾಗ ಇನ್ನೊಬ್ಬ ಪಕ್ಕದಲ್ಲಿ ಕುಣಿಯುತ್ತಾನೆ, ಕೈ ಹಾಕುವುದಿಲ್ಲ. ಅತಿಥಿ ಡಿಜೆ ಬಂದರೆ ಇಬ್ಬರೂ ಸರಿದು ಜಾಗ ಬಿಡುತ್ತಾರೆ. ಒಂದೇ ಮಿಕ್ಸರಿಗೆ ಎರಡು ಜೊತೆ ಕೈ ಬಂದರೆ ಏನಾಗುತ್ತದೆ ಅಂತ ಈ ಕೆಲಸ ಮಾಡುವವರಿಗೆ ಗೊತ್ತು. ದನಿ ಏರಿಸಿ ಇಳಿಸುವ ಫೇಡರ್ ಬಿಟ್ಟುಕೊಡುವ ಆ ನಂಬಿಕೆ ದುಡ್ಡು ಕೊಟ್ಟರೂ ಸಿಗಲ್ಲ.

ಕೊರತೆಯೂ ಇದೆ. ಆಮೇಲಿನ ಕೆಲವು ವಿಡಿಯೊಗಳಲ್ಲಿ ಜನ ಜಾಸ್ತಿ, ಕಿರುಚಾಟ ಜಾಸ್ತಿ, ಪಿಯಾನೊ ಅದರಲ್ಲಿ ಮುಳುಗುತ್ತದೆ. ಸರಿಯಾಗಿ ಬೇಸ್ ಇಳಿಯುವ ಹೊತ್ತಿಗೆ ಜಾಹೀರಾತು ನುಗ್ಗಿದರೆ ಹೊಟ್ಟೆ ಉರಿಯುತ್ತದೆ.

ಸೌಂಡ್‌ನವರಿಗೆ ಒಂದು ಮಾತು. ಹೊಸ ಸಬ್‌ವೂಫರ್ (ಬೇಸ್‌ಗೆಂದೇ ಇರುವ ಬಾಕ್ಸ್) ಕೊಳ್ಳಲು ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದರೆ ಇದನ್ನೇ ಹಾಕಿಸಿ ನೋಡಿ. ಬೇಸನ್ನು ಉಳಿದ ದನಿಯಿಂದ ಬೇರ್ಪಡಿಸುವ ಕ್ರಾಸ್‌ಓವರ್ 80ರಿಂದ 100 ಹರ್ಟ್ಸ್ ನಡುವೆ ಇಡಿ, ಬೇಸ್ ಬೂಸ್ಟ್ ಮುಟ್ಟಬೇಡಿ. ಒಳ್ಳೆಯ ಬಾಕ್ಸ್ ಆದರೆ ಲಾಗ್ ಡ್ರಮ್ ಜಾರುವಾಗ ಪ್ರತಿ ಸ್ವರ ಬೇರೆ ಬೇರೆ ಕೇಳುತ್ತದೆ. ಕಳಪೆಯಾದರೆ ಎಲ್ಲಾ ಒಂದೇ ‘ಗುಂ’. ಮನೆಯಲ್ಲಿ ಕೇಳುವವರು ದೊಡ್ಡ ಹೆಡ್‌ಫೋನ್ ಹಾಕಿಕೊಂಡರೆ ಸಾಕು. ಬೇಸ್ ಗೋಡೆ ದಾಟಿ ಪಕ್ಕದ ಮನೆಗೆ ಹೋಗುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧ ಇದೆ, ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬಲ್. ಮಲಗಿರುವ ಮಗುವಿಗೆ ನಮ್ಮ ಖುಷಿಯಿಂದ ತೊಂದರೆ ಆಗಬಾರದು, ಅಲ್ವಾ?

2023ರಲ್ಲಿ ಈ ಅವಳಿಗಳು ಮೇಜರ್ ಲೇಜರ್ ಎಂಬ ಡಿಜೆ ತಂಡದ ಜೊತೆ ‘ಪಿಯಾನೊ ರಿಪಬ್ಲಿಕ್’ ಆಲ್ಬಂ ಮಾಡಿದರು. ಅದರಲ್ಲಿ ದಕ್ಷಿಣ ಆಫ್ರಿಕಾದ ಹೆಸರಾಂತ ಗಾಯಕಿ ಬ್ರೆಂಡಾ ಫಾಸಿಯ ದನಿ ಇರುವ ‘ಮಾಮ್ಗೊಬೋಝಿ’ ಚೆನ್ನಾಗಿದೆ. ಉಳಿದಂತೆ ಆಲ್ಬಂಗಿಂತ ನನಗೆ ಮಿಕ್ಸೇ ಮೇಲು. ಬಿಡಿ ಹಾಡಿನಲ್ಲಿ ಕಾಯಲು ಅಷ್ಟು ಸಮಯವೇ ಸಿಗುವುದಿಲ್ಲ. 2020ರ ಹಳೆಯ ವಿಡಿಯೊ ಒಂದನ್ನು ಆರಿಸಿಕೊಳ್ಳಿ, ಮೊದಲ ಹತ್ತು ನಿಮಿಷ ಮುಂದೆ ಓಡಿಸದೆ ಕೇಳಿ.