ಮರಳಿನ ಅಕ್ವೇರಿಯಂ: ರೂಟ್ ಟ್ಯಾಬ್, ದ್ರವ ಗೊಬ್ಬರ, ಅಡಿಮಣ್ಣು – ಯಾವುದು ವಾಸಿ?

ಮರಳಿನಲ್ಲಿ ಗಿಡಕ್ಕೆ ಸತ್ವವಿಲ್ಲ, ಹಾಕಿದ ಗೊಬ್ಬರವನ್ನು ಹಿಡಿದಿಟ್ಟುಕೊಳ್ಳುವ ಗುಣವೂ ಅದಕ್ಕಿಲ್ಲ. ಮೂರೂ ವಿಧಾನ ಬಳಸಿ ನೋಡಿದ ಮೇಲೆ ನನ್ನ ಆಯ್ಕೆ ರೂಟ್ ಟ್ಯಾಬ್ (ಬೇರಿನ ಬಳಿ ಹೂಳುವ ಗೊಬ್ಬರದ ಮಾತ್ರೆ), ಜೊತೆಗೆ ಅಲ್ಪಸ್ವಲ್ಪ ದ್ರವ ಗೊಬ್ಬರ. ಆದರೆ ಇದು ನೀವು ನೆಡುವ ಗಿಡದ ಮೇಲೆ ನಿಂತಿದೆ.

ಮೊದಲು ಮರಳು ಸರಿಯಿರಬೇಕು. 1ರಿಂದ 2 ಮಿ.ಮೀ. ಕಾಳಿನದು ಒಳ್ಳೆಯದು. ಹಿಟ್ಟಿನಂತೆ ನುಣ್ಣಗಿದ್ದರೆ ಗಟ್ಟಿಯಾಗಿ ಕೂತುಬಿಡುತ್ತದೆ, ಬೇರಿಗೆ ಆಮ್ಲಜನಕ ಸಿಗುವುದಿಲ್ಲ. ಒಂದು ಚಮಚ ಮರಳಿನ ಮೇಲೆ ವಿನೆಗರ್ ಬಿಡಿ. ನೊರೆ ಬಂದರೆ ಅದರಲ್ಲಿ ಸುಣ್ಣದಂಶವಿದೆ, ನೀರನ್ನು ಗಡುಸು ಮಾಡುತ್ತದೆ.

ಅಮೆಜಾನ್ ಸ್ವೋರ್ಡ್, ಕ್ರಿಪ್ಟೊಕೊರೈನ್, ವ್ಯಾಲಿಸ್ನೇರಿಯಾ ಹೆಚ್ಚಾಗಿ ಬೇರಿನಿಂದಲೇ ಉಣ್ಣುವ ಗಿಡಗಳು. ಇವಕ್ಕೆ ರೂಟ್ ಟ್ಯಾಬ್‌ಗೆ ಸಮನಾದದ್ದಿಲ್ಲ. ಉದ್ದ ಚಿಮುಟದಲ್ಲಿ ಹಿಡಿದು, ಬುಡದಿಂದ 3–4 ಸೆಂ.ಮೀ. ದೂರದಲ್ಲಿ, 4–5 ಸೆಂ.ಮೀ. ಆಳಕ್ಕೆ ಒಂದೇ ಬಾರಿಗೆ ಒತ್ತಿ. ಚಿಮುಟವನ್ನು ಮೆಲ್ಲಗೆ ಸಡಿಲಿಸಿ ಹೊರತೆಗೆದು ಕುಳಿ ಮುಚ್ಚಿ. ಅವಸರಪಟ್ಟರೆ ಮಾತ್ರೆ ಚಿಮುಟದ ಜೊತೆ ಮೇಲೆ ಬರುತ್ತದೆ. ಅದು ನೀರಿನಲ್ಲಿ ಕರಗಿತೆಂದರೆ ಗೊಬ್ಬರವೆಲ್ಲ ಪಾಚಿಯ ಪಾಲು. 10–15 ಸೆಂ.ಮೀ. ಅಂತರಕ್ಕೆ ಒಂದರಂತೆ, ಎರಡು ಮೂರು ತಿಂಗಳಿಗೊಮ್ಮೆ ಹಾಕಿದರೆ ಸಾಕು. ದೊಡ್ಡ ಸ್ವೋರ್ಡ್‌ಗೆ ಮಾತ್ರ ಸುತ್ತಲೂ ಎರಡು ಮೂರು ಬೇಕು.

ಅನುಬಿಯಾಸ್, ಜಾವಾ ಫರ್ನ್‌ಗಳಿಗೆ ಟ್ಯಾಬ್ ದಂಡ. ಅವುಗಳ ಗೆಡ್ಡೆಕಾಂಡವನ್ನು ಮರಳಲ್ಲಿ ಹೂತರೆ ಕೊಳೆಯುತ್ತದೆ, ಕಲ್ಲಿಗೋ ಮರದ ತುಂಡಿಗೋ ಕಟ್ಟಬೇಕು. ಇಲ್ಲಿ ದ್ರವ ಗೊಬ್ಬರವೇ ಗೆಲ್ಲುತ್ತದೆ. 100 ಲೀಟರ್ ನೀರಿಗೆ 1 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್ ಹಾಕಿದರೆ ನೈಟ್ರೇಟ್ ಸುಮಾರು 6 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಏರುತ್ತದೆ. ಮೀನಿನ ಹೊಲಸಿನಿಂದಲೂ ನೈಟ್ರೇಟ್ ಬರುವುದರಿಂದ ಮೊದಲು ಟೆಸ್ಟ್ ಕಿಟ್‌ನಲ್ಲಿ ಅಳೆದು, 10–20 ಪಿಪಿಎಂಗೆ ಎಷ್ಟು ಕಡಿಮೆಯಿದೆಯೋ ಅಷ್ಟನ್ನೇ ಹಾಕಿ. ಕಬ್ಬಿಣ ಮತ್ತು ಫಾಸ್ಫೇಟನ್ನು ಒಂದೇ ಬಾಟಲಿಯಲ್ಲಿ ಬೆರೆಸಬೇಡಿ, ಎರಡೂ ಕೂಡಿ ಗಸಿಯಾಗಿ ತಳಕ್ಕೆ ಇಳಿದುಬಿಡುತ್ತವೆ. ದಿನ ಬಿಟ್ಟು ದಿನ ಬೇರೆ ಬೇರೆಯಾಗಿ ಹಾಕಿ. ಎಲೆ ನೋಡಿದರೂ ಕೊರತೆ ತಿಳಿಯುತ್ತದೆ: ಹಳೆ ಎಲೆಯಲ್ಲಿ ಸೂಜಿಮೊನೆಯಷ್ಟು ತೂತುಗಳಿದ್ದರೆ ಪೊಟ್ಯಾಸಿಯಂ, ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಿದ್ದರೆ ಕಬ್ಬಿಣ.

ಬೆಳವಣಿಗೆಯ ವೇಗದಲ್ಲಿ ಅಡಿಮಣ್ಣನ್ನು, ಅಂದರೆ ಮರಳಿನ ಕೆಳಗೆ ಹಾಸುವ ಮಣ್ಣನ್ನು, ಉಳಿದೆರಡೂ ಮೀರಿಸುವುದಿಲ್ಲ. ಗೊಬ್ಬರ ಬೆರೆಸದ ಮಣ್ಣನ್ನು ಜರಡಿ ಹಿಡಿದು 2–3 ಸೆಂ.ಮೀ. ಹರಡಿ, ಮೇಲೆ 3–4 ಸೆಂ.ಮೀ. ಮರಳು ಹೊದಿಸಬೇಕು. ಮೊದಲ ವಾರಗಳಲ್ಲಿ ಅಮೋನಿಯಾ ಬಿಡುತ್ತದೆ. ಎರಡು ಮೂರು ದಿನಕ್ಕೊಮ್ಮೆ ಅರ್ಧ ನೀರು ಬದಲಿಸಿ, ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಯಾಗುವವರೆಗೆ ಮೀನು ಬಿಡಬೇಡಿ. ನಿಜವಾದ ತೊಂದರೆ ಆಮೇಲಿನದು. ಬೇರುಬಿಟ್ಟ ಗಿಡವೊಂದನ್ನು ಕಿತ್ತರೆ ಮಣ್ಣೆಲ್ಲ ಎದ್ದು ನೀರು ಕದಡುತ್ತದೆ. ಗಿಡಗಳ ಜಾಗ ಆಗಾಗ ಬದಲಿಸುವವರಿಗೆ ಇದು ಖಂಡಿತ ಬೇಡ.

ಮೂರರಲ್ಲಿ ಯಾವುದನ್ನು ಆರಿಸಿದರೂ ಬೆಳಕು ದಿನಕ್ಕೆ 6–8 ತಾಸು ಮೀರದಿರಲಿ. ಮರಳಿನಲ್ಲಿ ಕಪ್ಪು ಮಚ್ಚೆ ಬಿದ್ದು, ಚುಚ್ಚಿದಾಗ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅಲ್ಲಿ ಗಾಳಿಯಾಡುತ್ತಿಲ್ಲ. ಸಣ್ಣ ಕಡ್ಡಿಯಿಂದ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಹೊಸದಾಗಿ ನೆಟ್ಟ ಕ್ರಿಪ್ಟೊಕೊರೈನ್ ಎಲೆ ಕರಗಿದರೆ ಗಾಬರಿಯಾಗಿ ಗೊಬ್ಬರ ಸುರಿಯಬೇಡಿ, ಗಿಡ ಕೀಳಲೂ ಬೇಡಿ. ನೀರು ಬದಲಾದದ್ದಕ್ಕೆ ಅದು ಹಾಗೆ ಮಾಡುತ್ತದೆ. ಕೊಳೆತ ಎಲೆ ಕತ್ತರಿಸಿ ತೆಗೆಯಿರಿ, ಬೇರು ಗಟ್ಟಿಯಿದ್ದರೆ ಕೆಲವು ವಾರಗಳಲ್ಲಿ ಬುಡದಿಂದ ಹೊಸ ಎಲೆ ಬರುತ್ತದೆ.